ಧಾತು ಈಶ್ವರದ ಬರ ಮತ್ತು ಊರು ಬಿಟ್ಟವರ ಚರಿತ್ರೆ

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಚರಿತ್ರೆಯ ವಿಷಯವಾಗಿ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿಕೊಂಡಾಗ, ಅವರು ನಮ್ಮಿಂದ ನಿರೀಕ್ಷಿಸಿದ್ದು ದೇವಾಲಯದ ಅಸ್ತಿವಾರ, ಗಂಟೆ, ಗೋಪುರ ಹಾಗೂ ಇಲ್ಲಿ ಸೇವೆ ಸಲ್ಲಿಸಿದ ಗುರುವರ್ಯರ ವಿವರಗಳನ್ನು ಎಂಬುದು ನಮಗೆ ತಿಳಿಯದ ಸಂಗತಿಯಲ್ಲ. ಅವು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದಿವೆ. ನಾವು ಇಲ್ಲಿ ಬರೆಯಲಿಚ್ಛಿಸುವುದು ಕಲ್ಲುಗಾರೆಗಿಂತ ಹಿಂದಿನದಾದ ಒಂದು ಚರಿತ್ರೆಯನ್ನು. ಮಳೆ ಕೈಕೊಟ್ಟು, ನೆಲ ಬಿರುಕು ಬಿಟ್ಟು, ಮನೆ ಬಾಗಿಲು ತೊರೆದು ದಾರಿಗಿಳಿದ ಜನರ ಚರಿತ್ರೆ ಅದು. ಈ ಸೀಮೆಯ ಅನೇಕ ಮನೆತನಗಳು, ಅವು ಯಾವ ಮತಕ್ಕೆ ಸೇರಿದ್ದರೂ ಸರಿ, ಆ ದಾರಿಯಲ್ಲಿ ಒಮ್ಮೆ ನಡೆದವೇ ಆಗಿವೆ.

ನಮ್ಮ ನಲ್ಲೂರಿನ ಹುಣಸೆ ತೋಪನ್ನು ಅರಿಯದವರಿಲ್ಲ. ಸುಮಾರು 54 ಎಕರೆಗಳಷ್ಟು ವಿಸ್ತಾರವಾದ ಈ ತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಸಾರಲಾಯಿತು. ಇಡೀ ಭಾರತದಲ್ಲಿ ಆ ಗೌರವಕ್ಕೆ ಪಾತ್ರವಾದ ಮೊದಲನೆಯ ತಾಣವಿದು. ಇಲ್ಲಿನ ಹಳೆಯ ಮರವೊಂದಕ್ಕೆ 400 ವರುಷಗಳಾಗಿರಬಹುದೆಂದು ವಿಜ್ಞಾನಿಗಳು ಎಣಿಸಿದ್ದಾರೆ. ಹುಣಸೆಬೀಜವನ್ನು ಹುರಿದು ಸಿಪ್ಪೆ ತೆಗೆದು ಕುಟ್ಟಿ ತಿನ್ನುವುದು ನಮ್ಮ ನಾಡಿನಲ್ಲಿ ಬರಗಾಲದ ಆಹಾರ. ಬೇರಾವ ಕಾಲದಲ್ಲೂ ಮನುಷ್ಯರು ಅದನ್ನು ಊಟವೆಂದು ಕರೆದುದಿಲ್ಲ. ಆ ಮರಗಳ ಕೆಳಗೆ ನಿಂತಾಗಲೆಲ್ಲ, ಇವುಗಳ ಬೀಜವನ್ನು ಆಯ್ದುಕೊಂಡವರು ಯಾರು, ಆಯ್ದ ಬಳಿಕ ಅವರು ಎತ್ತ ಹೋದರು ಎಂಬ ಪ್ರಶ್ನೆಯು ನಮ್ಮನ್ನು ಕಾಡಿದೆ.

ಈ ಪ್ರಶ್ನೆ ನಮಗೆ ಕೇವಲ ಕುತೂಹಲದ್ದಲ್ಲ. ನಮ್ಮ ಅಜ್ಜಿಯ ತಾಯಿಯವರು ಬರಗಾಲದ ಅನಾಥ ಮಗುವಾಗಿ ಮಿಷನ್ನಿನ ಆಶ್ರಯಕ್ಕೆ ಬಂದವರು. ಅವರಿಗೆ ತಮ್ಮ ತಂದೆತಾಯಿಗಳ ಹೆಸರಾಗಲಿ, ಹುಟ್ಟಿದ ಊರಾಗಲಿ ನೆನಪಿರಲಿಲ್ಲ. “ಯಾವೂರಮ್ಮ ನಿನ್ನದು?” ಎಂದು ಯಾರಾದರೂ ಕೇಳಿದರೆ, “ನಾನು ಧಾತು ಬರದವಳು” ಎನ್ನುತ್ತಿದ್ದರಂತೆ. ಊರಿನ ಹೆಸರನ್ನು ಹೇಳಬೇಕಾದಲ್ಲಿ ಒಂದು ಸಂವತ್ಸರದ ಹೆಸರನ್ನು ಹೇಳುತ್ತಿದ್ದರು. ಬಾಲ್ಯದಲ್ಲಿ ಅಜ್ಜಿಯ ಬಾಯಿಂದ ಈ ಮಾತನ್ನು ಕೇಳಿದಾಗ ನಾವು ನಕ್ಕದ್ದುಂಟು. ಅದರ ಭಾರವು ಅರಿವಾಗಲು ನಮಗೆ ಅನೇಕ ವರುಷಗಳು ಬೇಕಾದವು.

ಮಳೆ ತಪ್ಪಿದ ವರುಷಗಳು

ಧಾತು ಸಂವತ್ಸರವೆಂದರೆ 1876-77; ಅದರ ಮುಂದಿನ ಈಶ್ವರ ಸಂವತ್ಸರ 1877-78. ಈ ಎರಡನ್ನೂ ಸೇರಿಸಿ ಮೈಸೂರು ಸೀಮೆಯ ಹಿರಿಯರು ‘ಧಾತು ಈಶ್ವರದ ಬರ’ ಎಂದು ಕರೆಯುತ್ತಿದ್ದರು. 1875ರಲ್ಲಿಯೇ ಮಳೆ ಕಡಿಮೆಯಾಗಿದ್ದಿತು. 1876ರಲ್ಲಿ ಮುಂಗಾರೂ ಹಿಂಗಾರೂ ಎರಡೂ ಕೈಬಿಟ್ಟವು. ನಮ್ಮ ಬಯಲುಸೀಮೆಯ ರೈತನಿಗೆ ಒಂದು ವರುಷದ ಬರವನ್ನು ಸಹಿಸುವ ಶಕ್ತಿ ಇದ್ದೇ ಇತ್ತು. ರಾಗಿಯನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದರೆ ಅದು ವರುಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಆದರೆ ಮೊದಲ ವರುಷವೇ ಹಗೇವುಗಳು ಬರಿದಾದವು. ಎರಡನೆಯ ವರುಷ ತೆಗೆಯಲು ಏನೂ ಉಳಿದಿರಲಿಲ್ಲ. ಸಂಸ್ಥಾನದಲ್ಲಿ 30 ಸಾವಿರಕ್ಕೂ ಮಿಗಿಲಾದ ಕೆರೆಗಳಿದ್ದರೂ, ಹಳ್ಳ ಹರಿಯದಿದ್ದರೆ ಕೆರೆ ತುಂಬುವುದಾದರೂ ಹೇಗೆ? ಮೇವಿಲ್ಲದೆ, ನೀರಿಲ್ಲದೆ ದನಕರುಗಳು ಸತ್ತವು. ಎತ್ತು ಸತ್ತ ಮನೆಯಲ್ಲಿ ಮುಂದಿನ ಮಳೆಗೂ ಉಳುಮೆಯಿಲ್ಲ.

ಆ ಕಾಲದಲ್ಲಿ ಮೈಸೂರು ಸಂಸ್ಥಾನವು ಬ್ರಿಟಿಷ್ ಚೀಫ್ ಕಮಿಷನರರ ಆಡಳಿತದಲ್ಲಿದ್ದಿತು. ಮದರಾಸಿನ ಕಡೆಯಿಂದ ರೈಲು ಬೆಂಗಳೂರಿಗೆ ಬಂದದ್ದು 1864ರಲ್ಲಿ. ಅಲ್ಲಿಂದ ಮುಂದಕ್ಕೆ ಹಳಿಗಳಿರಲಿಲ್ಲ. ಹೊರಗಿನಿಂದ ಬಂದ ಧಾನ್ಯವನ್ನು ಬೆಂಗಳೂರಿನಿಂದ ಒಳನಾಡಿಗೆ ಸಾಗಿಸಲು ಎತ್ತಿನ ಗಾಡಿಗಳೇ ಗತಿ, ಎತ್ತುಗಳೋ ಸಾಯುತ್ತಿದ್ದವು. ಹೀಗಾಗಿ ಧಾನ್ಯವು ಜನರಿದ್ದೆಡೆಗೆ ಹೋಗಲಾರದೆ, ಧಾನ್ಯವಿದ್ದೆಡೆಗೆ ಜನರೇ ಹೊರಟರು. ಬೆಂಗಳೂರಿಗೆ ಬರುವ ದಾರಿಗಳಲ್ಲಿ ನಡೆಯಲಾರದೆ ಕುಸಿದವರು ಅಲ್ಲಲ್ಲೇ ಪ್ರಾಣ ಬಿಟ್ಟರೆಂದು ಆ ಕಾಲದ ವರದಿಗಳು ಹೇಳುತ್ತವೆ. ಮದರಾಸಿನಲ್ಲಿ ಪತ್ರಿಕೆಯೊಂದರ ಸಂಪಾದಕರಾಗಿದ್ದ ವಿಲಿಯಂ ಡಿಗ್ಬಿಯವರು 1878ರಲ್ಲಿ ಪ್ರಕಟಿಸಿದ ಎರಡು ಸಂಪುಟಗಳ ಗ್ರಂಥವು ದಕ್ಷಿಣ ಭಾರತದ ಈ ಸಂಕಟಕ್ಕೆ ದೊಡ್ಡ ಸಾಕ್ಷಿಯಾಗಿದೆ.

ಅಂಕಿಗಳು ಹೃದಯವನ್ನು ಕಲಕುತ್ತವೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರುಷಗಳ ಬಳಿಕ, 1881ರಲ್ಲಿ, ಅದು 41,86,188. ಸಹಜವಾಗಿ ಹೆಚ್ಚಬೇಕಾಗಿದ್ದ ಜನಸಂಖ್ಯೆಯಲ್ಲಿ ಎಂಟೂಮುಕ್ಕಾಲು ಲಕ್ಷದಷ್ಟು ಜನರು ಕಡಿಮೆಯಾದರು. 1891ರ ಗಣತಿಯಲ್ಲೂ ಸಂಸ್ಥಾನವು 1871ರ ಸಂಖ್ಯೆಯನ್ನು ಮುಟ್ಟಲಿಲ್ಲ. ಒಂದು ಬರವು ಮಾಡಿದ ಹಳ್ಳವನ್ನು ತುಂಬಲು ಹತ್ತು ವರುಷಗಳೂ ಸಾಲದಾದವು. 1877ರ ಕೊನೆಯಲ್ಲಿ ಮಳೆ ಬಂದಾಗ ಜನರು ನಿಟ್ಟುಸಿರು ಬಿಟ್ಟರು. ಆದರೆ ಹಸಿವಿನಿಂದ ಬಡಕಲಾಗಿದ್ದ ದೇಹಗಳನ್ನು ಮಳೆಯೊಡನೆ ಬಂದ ಚಳಿಜ್ವರವು ಕೊಂಡೊಯ್ದಿತು. ಅದರ ಮುಂದಿನ ಸಂವತ್ಸರದ ಹೆಸರು ಬಹುಧಾನ್ಯ. ಉಣ್ಣಬೇಕಾದವರು ಆಗ ಇರಲಿಲ್ಲ.

ಆಕಾಶದ ತಪ್ಪೋ, ಮನುಷ್ಯರ ತಪ್ಪೋ

ಮಳೆ ತಪ್ಪಿದ್ದು ನಮ್ಮ ಸೀಮೆಯೊಂದರಲ್ಲೇ ಅಲ್ಲ. ಪೆಸಿಫಿಕ್ ಮಹಾಸಾಗರದ ಮೇಲ್ಭಾಗದ ನೀರು ಕೆಲವು ವರುಷಗಳಿಗೊಮ್ಮೆ ಎಂದಿಗಿಂತ ಹೆಚ್ಚು ಬಿಸಿಯಾಗಿ, ಗಾಳಿಯ ನಡೆಯನ್ನೇ ಬದಲಿಸುತ್ತದೆ. ಇದಕ್ಕೆ ಎಲ್ ನಿನ್ಯೊ ಎಂದು ಹೆಸರು. ದಕ್ಷಿಣ ಅಮೆರಿಕೆಯ ಬೆಸ್ತರು ಕ್ರಿಸ್ತಜಯಂತಿಯ ವೇಳೆಗೆ ಕಾಣಿಸಿಕೊಳ್ಳುವ ಬಿಸಿನೀರಿನ ಪ್ರವಾಹಕ್ಕೆ ಬಾಲಯೇಸುವಿನ ಹೆಸರನ್ನಿಟ್ಟದ್ದು ಹೀಗೆ ಉಳಿದುಬಂದಿದೆ. 1877-78ರ ಎಲ್ ನಿನ್ಯೊ ಅತ್ಯಂತ ಪ್ರಬಲವಾದವುಗಳಲ್ಲೊಂದು. ಅದೇ ವೇಳೆಗೆ ಹಿಂದೂ ಮಹಾಸಾಗರದ ಉಷ್ಣತೆಯೂ ಏರುಪೇರಾಗಿದ್ದಿತೆಂದು 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿಕೊಟ್ಟಿದೆ. ಅದೇ ವರುಷಗಳಲ್ಲಿ ಉತ್ತರ ಚೀಣದಲ್ಲಿ ಲಕ್ಷಗಟ್ಟಲೆ ಜನರು ಸತ್ತರು. ಬ್ರೆಜಿಲ್ ದೇಶದ ಸಿಯಾರ ಪ್ರಾಂತದ ಒಣನಾಡಿನಿಂದ ಜನರು ಗುಂಪುಗುಂಪಾಗಿ ಸಮುದ್ರತೀರದ ಫೋರ್ತಲೇಜಾ ನಗರಕ್ಕೂ ಅಮೆಜಾನ್ ಕಾಡುಗಳಿಗೂ ಹೊರಟುಹೋದರು. ದೇವನಹಳ್ಳಿಯ ದಾರಿಯಲ್ಲಿ ನಡೆದವರೂ ಸಿಯಾರದ ದಾರಿಯಲ್ಲಿ ನಡೆದವರೂ ಒಬ್ಬರನ್ನೊಬ್ಬರು ಅರಿಯದೆ ಒಂದೇ ಶಿಲುಬೆಯನ್ನು ಹೊತ್ತಿದ್ದರು.

ಆದರೆ ಎಲ್ಲವನ್ನೂ ಆಕಾಶದ ಮೇಲೆ ಹೊರಿಸುವುದು ಸತ್ಯಕ್ಕೆ ಅಪಚಾರ. 1877ರ ಜನವರಿ 1ರಂದು, ದಕ್ಷಿಣದಲ್ಲಿ ಜನರು ಸಾಯುತ್ತಿದ್ದಾಗ, ದೆಹಲಿಯಲ್ಲಿ ವೈಸರಾಯ್ ಲಿಟನ್ನರು ಮಹಾ ದರ್ಬಾರನ್ನು ನಡೆಸಿದರು. ಆ ವರುಷಗಳಲ್ಲೂ ಭಾರತದ ಗೋಧಿಯು ಹಡಗನ್ನೇರಿ ವಿಲಾಯಿತಿಗೆ ಹೋಗುತ್ತಲೇ ಇದ್ದಿತು. ಖರ್ಚನ್ನು ತಗ್ಗಿಸಲೆಂದು ಕಳುಹಿಸಲ್ಪಟ್ಟ ಸರ್ ರಿಚರ್ಡ್ ಟೆಂಪಲ್ಲರು ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದಾಣೆಯ ಲೆಕ್ಕವನ್ನು ಕಟ್ಟಿದರು. ಕಲ್ಲು ಒಡೆಯುವವನ ಹೊಟ್ಟೆಗೆ ಇದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷರು ಬಲವಾಗಿ ವಿರೋಧಿಸಿದ್ದರಿಂದ, ಕೆಲವೇ ತಿಂಗಳಲ್ಲಿ ಆ ಪಡಿಯನ್ನು ಹೆಚ್ಚಿಸಬೇಕಾಯಿತು. ಸರ್ಕಾರದ ಕೆಲಸಗಾರನೇ ಸರ್ಕಾರದ ಲೆಕ್ಕವನ್ನು ಪ್ರಶ್ನಿಸಿದ ಈ ಪ್ರಸಂಗವು ಸ್ಮರಣೀಯವಾದುದು.

1877ರಲ್ಲಿ ಲಿಟನ್ನರು ಸ್ವತಃ ದಕ್ಷಿಣಕ್ಕೆ ಬಂದುಹೋದ ತರುವಾಯ, ಸಿ. ಎ. ಎಲಿಯಟ್ಟರು ಮೈಸೂರಿನ ಕ್ಷಾಮ ಕಮಿಷನರರಾಗಿ ಪರಿಹಾರದ ಕೆಲಸವನ್ನು ಹೊಸದಾಗಿ ಏರ್ಪಡಿಸಿದರು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲುದಾರಿಯ ಮಣ್ಣಿನ ಕೆಲಸವು ಆರಂಭವಾದದ್ದು ಈ ಬರದ ಕಾಮಗಾರಿಯಾಗಿಯೇ. ಇಂದು ಆ ಹಾದಿಯಲ್ಲಿ ಸುಖವಾಗಿ ಕುಳಿತು ಹೋಗುವ ನಾವು, ಅದರ ಏರಿಗಳಿಗೆ ಮಣ್ಣು ಹೊತ್ತವರು ಊರು ಬಿಟ್ಟ ಹಸಿದ ಹೆಂಗಸರು ಮಕ್ಕಳೂ ಆಗಿದ್ದರೆಂಬುದನ್ನು ನೆನೆಯುವುದಿಲ್ಲ. ಮುಂದೆ 1880ರಲ್ಲಿ ವರದಿಯನ್ನೊಪ್ಪಿಸಿದ ಕ್ಷಾಮ ಆಯೋಗಕ್ಕೂ ಎಲಿಯಟ್ಟರೇ ಕಾರ್ಯದರ್ಶಿಗಳು. ಆ ವರದಿಯಿಂದ ಹುಟ್ಟಿದ ಕ್ಷಾಮ ಸಂಹಿತೆಯು, ಬರ ಬಂದಾಗ ಜನರಿಗೆ ಅವರ ಊರಿನ ಸಮೀಪದಲ್ಲೇ ಕೆಲಸವನ್ನೂ ಕೂಲಿಯನ್ನೂ ಒದಗಿಸುವುದು ಸರ್ಕಾರದ ಕರ್ತವ್ಯವೆಂಬ ತತ್ತ್ವವನ್ನು ಬರಹಕ್ಕಿಳಿಸಿತು. ಗ್ರಾಮೀಣ ಕುಟುಂಬಕ್ಕೆ ವರುಷಕ್ಕೆ 100 ದಿನಗಳ ಉದ್ಯೋಗವನ್ನು ಖಾತರಿಪಡಿಸಿ ನಮ್ಮ ಸಂಸತ್ತು 2005ರಲ್ಲಿ ಮಾಡಿದ ಕಾನೂನಿನ ಬೇರು ಎಷ್ಟು ಹಿಂದಕ್ಕೆ ಹೋಗುತ್ತದೆಂಬುದನ್ನು ಇದರಿಂದ ಊಹಿಸಬಹುದು.

ಅನಾಥ ಮಕ್ಕಳ ಗ್ರಾಮಗಳು

ಅಂದು ಮೈಸೂರಿನ ಧರ್ಮಪ್ರಾಂತ್ಯವು ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯ ಗುರುಗಳ ಕೈಯಲ್ಲಿದ್ದು, ಬಿಷಪ್ ಶೆವಾಲಿಯೆಯವರು ಅದರ ಮೇಲ್ವಿಚಾರಕರಾಗಿದ್ದರು. ತಂದೆತಾಯಿಗಳು ದಾರಿಯಲ್ಲಿ ಸತ್ತು ಒಂಟಿಯಾಗಿ ಉಳಿದ ಮಕ್ಕಳು ಅವರ ಬಾಗಿಲಿಗೆ ಬಂದರು. ಬರ ಮುಗಿದ ಮೇಲೆ ಏಳುವ ಪ್ರಶ್ನೆಯೇ ಕಠಿಣವಾದುದು. ಗಂಜಿ ಕುಡಿಸಿ ಬದುಕಿಸಿದ ಮಗು ದೊಡ್ಡದಾಗುತ್ತದೆ. ಅದಕ್ಕೆ ಊರಿಲ್ಲ, ಹೊಲವಿಲ್ಲ, ಬಂಧುಗಳಿಲ್ಲ. ಅದು ಎಲ್ಲಿ ಬಾಳಬೇಕು? ಈ ಪ್ರಶ್ನೆಗೆ ಉತ್ತರವಾಗಿ ಮಿಷನರಿಗಳು ಭೂಮಿಯನ್ನು ಪಡೆದು ಕೃಷಿ ಗ್ರಾಮಗಳನ್ನು ಕಟ್ಟಿದರು. ಅಂದಿನ ನೆಲಮಂಗಲ ತಾಲ್ಲೂಕಿನ ಸಿಲುವೆಪುರ, ಕಾನಕಾನಹಳ್ಳಿಯ ಕಡೆಯ ಮರಿಯಾಪುರ ಇವು ಹೀಗೆ ಬೆಳೆದ ಗ್ರಾಮಗಳು. ಸಿಲುವೆಯೆಂದರೆ ಶಿಲುಬೆ, ಊರು ಕಳೆದುಕೊಂಡವರಿಗಾಗಿ ಎದ್ದ ಊರಿಗೆ ಆ ಹೆಸರು ತಕ್ಕುದೇ ಆಗಿದೆ.

ಅನ್ನ ಕೊಟ್ಟು ಮತವನ್ನೂ ಕೊಟ್ಟರೆಂಬ ಆಕ್ಷೇಪಣೆಯನ್ನು ನಾವು ಬಲ್ಲೆವು. ಹಸಿದವನ ಸಮ್ಮತಿಯು ಪೂರ್ಣ ಸ್ವತಂತ್ರವಾದ ಸಮ್ಮತಿಯೇ ಎಂಬ ಪ್ರಶ್ನೆಯನ್ನು ಗುರುಮಠದಲ್ಲಿ ಓದಿದ ಯಾರೂ ಲಘುವಾಗಿ ತಳ್ಳಿಹಾಕಲಾರರು, ನಾವೂ ತಳ್ಳಿಹಾಕುವುದಿಲ್ಲ. ಗಂಜಿಯ ಒಲೆಯನ್ನು ಹೊತ್ತಿಸಿದವರು ಮಿಷನರಿಗಳು ಮಾತ್ರವಲ್ಲ, ಎಲ್ಲ ಮತಗಳ ದಾನಿಗಳೂ ಇದ್ದರೆಂಬುದನ್ನೂ ಕೃತಜ್ಞತೆಯಿಂದ ಹೇಳಬೇಕು. ಆದರೆ ಗಂಜಿಯ ಬಳಿಕ ನೆಲವನ್ನೂ ನೇಗಿಲನ್ನೂ ಕೊಡಬೇಕೆಂಬ ಮಿಷನರಿಗಳ ಯೋಚನೆಯು ದೂರದೃಷ್ಟಿಯದಾಗಿತ್ತು. ಊರು ಬಿಟ್ಟವನಿಗೆ ಒಂದು ಹೊತ್ತಿನ ಊಟವನ್ನು ಯಾರೂ ಕೊಟ್ಟಾರು. ಇನ್ನೊಂದು ಊರನ್ನು ಕೊಡುವವರು ವಿರಳ.

ಇಲ್ಲಿ ಇನ್ನೊಂದು ಭೇದವನ್ನು ಗಮನಿಸಬೇಕು. ಹಾಸನದ ಬಳಿಯ ಶೆಟ್ಟಿಹಳ್ಳಿಯ ಹಳೆಯ ದೇವಾಲಯವು ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿ ಪಾಳುಬಿದ್ದು ನಿಂತಿರುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೀರಿ. ಅಣೆಕಟ್ಟಿಗಾಗಿ ಊರು ಬಿಟ್ಟವರಿಗೆ, ಅದು ನ್ಯಾಯವಾಗಿ ದೊರೆಯಲಿ ಬಿಡಲಿ, ಒಂದು ಕಡತವುಂಟು, ಒಂದು ಪರಿಹಾರದ ಪಟ್ಟಿಯುಂಟು. ಬರದಿಂದ ಊರು ಬಿಟ್ಟವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅವರನ್ನು ಯಾರೂ ಎಬ್ಬಿಸಲಿಲ್ಲ. ತಾವಾಗಿಯೇ ಹೋದರೆಂದು ಲೋಕವು ತಿಳಿಯುತ್ತದೆ.

ನಮ್ಮ ಕಾಲದ ವಲಸೆ

1876ರ ಬರವು ನಿಸರ್ಗದ ಏರುಪೇರಿನಿಂದ ಬಂದದ್ದು. ಇಂದಿನ ಸ್ಥಿತಿ ಅದಕ್ಕಿಂತ ಭಿನ್ನ. ಕಲ್ಲಿದ್ದಲು, ಪೆಟ್ರೋಲಿಯಂ ಮೊದಲಾದ ಇಂಧನಗಳನ್ನು ಸುಟ್ಟ ಹೊಗೆಯಿಂದ ಭೂಮಿಯ ಸರಾಸರಿ ಉಷ್ಣತೆಯು ಏರುತ್ತ ಬಂದು, 2024ರಲ್ಲಿ ಕೈಗಾರಿಕಾ ಯುಗಕ್ಕೆ ಮುಂಚಿನ ಮಟ್ಟಕ್ಕಿಂತ ಒಂದೂವರೆ ಡಿಗ್ರಿಗಿಂತಲೂ ಹೆಚ್ಚಾಗಿತ್ತೆಂದು ವಿಶ್ವ ಹವಾಮಾನ ಸಂಸ್ಥೆ ತಿಳಿಸಿದೆ. ಬಿಸಿಯಾದ ಗಾಳಿಯು ಹೆಚ್ಚು ನೀರನ್ನು ಹೀರಿಕೊಳ್ಳುತ್ತದೆ. ಆದುದರಿಂದ ಒಣಗುವ ಕಡೆ ನೆಲ ಬೇಗ ಒಣಗುತ್ತದೆ, ಸುರಿಯುವ ಕಡೆ ಒಮ್ಮೆಗೇ ಸುರಿಯುತ್ತದೆ. ನಮ್ಮ ಕರ್ನಾಟಕವು ಈ ಎರಡನ್ನೂ ಕಂಡಿದೆ.

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ, ಬರಕ್ಕೆ ಹೆಸರಾದ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲೇ ಮಹಾಪೂರ ಬಂದು ಇನ್ನೂರಕ್ಕೂ ಹೆಚ್ಚು ಜನರು ಮೃತರಾದರು. ನದೀತೀರದ ಅನೇಕ ಹಳ್ಳಿಗಳನ್ನು ಎತ್ತರದ ಜಾಗಗಳಿಗೆ ಸ್ಥಳಾಂತರಿಸಲು ‘ಆಸರೆ’ ಎಂಬ ಯೋಜನೆಯಡಿ ಮನೆಗಳು ಎದ್ದವು. ಆದರೆ ಹೊಲವೊಂದು ಕಡೆ, ಮನೆಯೊಂದು ಕಡೆಯಾದಲ್ಲಿ ಜನರು ಹಳೆಯ ಊರಿಗೇ ಮರಳಿದ್ದೂ ಉಂಟು. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಮಾದಾಪುರ, ಜೋಡುಪಾಲ ಮುಂತಾದೆಡೆ ಬೆಟ್ಟಗಳೇ ಜಾರಿ, ತಲೆತಲಾಂತರದ ತೋಟಗಳೂ ಮನೆಗಳೂ ಮಣ್ಣುಪಾಲಾದವು. ಅವರಲ್ಲಿ ಹಲವರಿಗೆ ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಹೊಸ ಮನೆಗಳು ದೊರೆತವು. ಮನೆ ದೊರೆತರೂ ಕಾಫಿ ತೋಟವನ್ನು ಕಟ್ಟಿಕೊಡುವವರಾರು?

ಇನ್ನು ಬರದ ಮಾತು. 2023ರಲ್ಲಿ, ಮತ್ತೊಮ್ಮೆ ಎಲ್ ನಿನ್ಯೊ ಕಾಣಿಸಿಕೊಂಡ ವರುಷ, ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರವು ಬರಪೀಡಿತವೆಂದು ಘೋಷಿಸಿತು. ಇಂಥ ವರುಷಗಳಲ್ಲಿ ರಾಯಚೂರು, ಯಾದಗಿರಿ, ಕಲಬುರಗಿಗಳ ಕಡೆಯಿಂದ ಕುಟುಂಬಗಳು ಬೆಂಗಳೂರಿನ ದಾರಿ ಹಿಡಿಯುತ್ತವೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ತೆರೆದಂದಿನಿಂದ ನಮ್ಮ ಸುತ್ತಮುತ್ತ ಏಳುತ್ತಿರುವ ಕಟ್ಟಡಗಳಿಗೆ ಕಲ್ಲು, ಇಟ್ಟಿಗೆ ಹೊರುವವರಲ್ಲಿ ಅವರು ಅನೇಕರಿದ್ದಾರೆ. ರಸ್ತೆಯ ಬದಿಯಲ್ಲಿ ನೀಲಿ ತಾಡಪಾಲಿನ ಗುಡಿಸಲುಗಳನ್ನು ಕಂಡಿದ್ದೀರಲ್ಲವೆ? ಧಾತು ಬರದವರು ಇಂದು ಇರುವುದು ಅಲ್ಲಿ.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳದೆ ಈ ಲೇಖನವನ್ನು ಮುಂದುವರಿಸಲಾರೆವು. ಕೆಲವು ವರುಷಗಳ ಹಿಂದೆ, ಬರದ ಬೇಸಗೆಯೊಂದರಲ್ಲಿ, ಹಾಗೆ ಬಂದಿಳಿದ ಐದಾರು ಕುಟುಂಬಗಳು ನಮ್ಮ ಆವರಣದ ನಲ್ಲಿಯಿಂದ ನೀರನ್ನು ಕೇಳಿದವು. ಆಗ ನಾವು ಸೇವೆಯಲ್ಲಿದ್ದ ಆ ಸ್ಥಳದಲ್ಲಿಯೂ ಕೊಳವೆಬಾವಿ ಸೊರಗಿತ್ತು. ನಮ್ಮವರಿಗೇ ಸಾಲದೆಂಬ ಭಯದಿಂದಲೋ, ಅಪರಿಚಿತರೆಂಬ ಶಂಕೆಯಿಂದಲೋ, “ನಿಮ್ಮ ಊರಿನಿಂದ ಒಂದು ಚೀಟಿ ತನ್ನಿ, ನೋಡೋಣ” ಎಂದುಬಿಟ್ಟೆವು. ಅವರಲ್ಲಿ ಹಿರಿಯಳಾದ ಹೆಂಗಸು ಸಿಟ್ಟಾಗಲಿಲ್ಲ. “ಊರಾಗ ಮನಿಗೆ ಬೀಗ ಹಾಕಿ ಬಂದೀವ್ರಿ ಅಪ್ಪಾರ, ಚೀಟಿ ಯಾರು ಕೊಡಬೇಕ್ರಿ?” ಎಂದಷ್ಟೇ ಹೇಳಿ ಕೊಡವನ್ನೆತ್ತಿಕೊಂಡು ಹೊರಟಳು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ನಮ್ಮ ಅಜ್ಜಿಯ ತಾಯಿಯನ್ನು ಒಳಗೆ ಕರೆದುಕೊಂಡವರು ಊರಿನ ಚೀಟಿಯನ್ನು ಕೇಳಿದ್ದರೆ ಇಂದು ಈ ಲೇಖನವನ್ನು ಬರೆಯಲು ನಾವೇ ಇರುತ್ತಿರಲಿಲ್ಲ. ಮರುದಿನ ಬೆಳಗಿನ ಪೂಜೆ ಮುಗಿದೊಡನೆ ನಾವೇ ಗುಡಿಸಲುಗಳ ಬಳಿಗೆ ಹೋಗಿ ಅವರನ್ನು ಕರೆತಂದೆವು. ನೀರು ಎಲ್ಲರಿಗೂ ಕಡಿಮೆಯಾಯಿತು; ಯಾರಿಗೂ ಇಲ್ಲದೆ ಹೋಗಲಿಲ್ಲ.

ಲೋಕದ ಲೆಕ್ಕ

ಈ ಪ್ರಶ್ನೆ ಇಂದು ಲೋಕದ್ದೇ ಆಗಿದೆ. 2022ನೆಯ ಒಂದೇ ವರುಷದಲ್ಲಿ ಪ್ರವಾಹ, ಬಿರುಗಾಳಿ, ಬರ ಮೊದಲಾದ ವಿಪತ್ತುಗಳಿಂದ ತಮ್ಮ ದೇಶದೊಳಗೇ ಜನರು ನೆಲೆ ಬಿಟ್ಟ ಸಂದರ್ಭಗಳು 3 ಕೋಟಿ 26 ಲಕ್ಷವೆಂದು ಜಿನೀವಾದಲ್ಲಿರುವ ಆಂತರಿಕ ಸ್ಥಳಾಂತರ ನಿಗಾ ಕೇಂದ್ರವು ಲೆಕ್ಕ ಹಾಕಿತು. ಪೆಸಿಫಿಕ್ಕಿನ ತುವಾಲು ದ್ವೀಪರಾಷ್ಟ್ರದ ಜನಸಂಖ್ಯೆ ನಮ್ಮ ಒಂದು ಹೋಬಳಿಯಷ್ಟೂ ಇಲ್ಲ. ಸಮುದ್ರವು ಅದನ್ನು ನುಂಗುವ ಭಯದಿಂದ 2023ರಲ್ಲಿ ಆಸ್ಟ್ರೇಲಿಯದೊಡನೆ ಒಪ್ಪಂದವಾಗಿ, ವರುಷಕ್ಕೆ 280 ಮಂದಿ ಅಲ್ಲಿಗೆ ಹೋಗಿ ನೆಲೆಸಬಹುದೆಂದಾಯಿತು. ಆದರೆ 1951ರ ನಿರಾಶ್ರಿತರ ಒಡಂಬಡಿಕೆಯು ಜನಾಂಗ, ಮತ, ರಾಜಕೀಯ ಅಭಿಪ್ರಾಯ ಮೊದಲಾದ ಕಾರಣಗಳಿಗಾಗಿ ಹಿಂಸೆಗೆ ಅಂಜಿ ಓಡಿದವರನ್ನು ಮಾತ್ರ ನಿರಾಶ್ರಿತರೆನ್ನುತ್ತದೆ. ಬರಕ್ಕೆ, ಕಡಲಿಗೆ ಅಂಜಿ ಹೊರಟವರಿಗೆ ಅದರಲ್ಲಿ ಹೆಸರಿಲ್ಲ. ದಿವಂಗತ ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಈ ಕೊರತೆಯನ್ನೇ ಎತ್ತಿ ತೋರಿಸಿ ಲೋಕದ ಅಸಡ್ಡೆಗಾಗಿ ದುಃಖಿಸಿದರು.

ಪವಿತ್ರ ಗ್ರಂಥವನ್ನು ಓದುವವರಿಗೆ ಇದು ಹೊಸ ಕಥೆಯಲ್ಲ. ಯಕೋಬನ ಮಕ್ಕಳು ಈಜಿಪ್ಟಿಗೆ ಇಳಿದದ್ದು ಧಾನ್ಯಕ್ಕಾಗಿ. ರೂತಳ ಗ್ರಂಥವು ಆರಂಭವಾಗುವುದೇ ಬೆತ್ಲೆಹೇಮಿನ ಬರದಿಂದ. ‘ರೊಟ್ಟಿಯ ಮನೆ’ ಎಂಬ ಹೆಸರಿನ ಊರಿನಲ್ಲೇ ರೊಟ್ಟಿಯಿಲ್ಲದೆ ಒಂದು ಕುಟುಂಬವು ಮೋವಾಬಿಗೆ ಹೊರಟಿತು. ಆ ವಲಸೆಯ ಮನೆತನದ ಸೊಸೆಯಾಗಿ ಬಂದ ಪರದೇಶದ ಹೆಣ್ಣು ರೂತಳು, ಹಕ್ಕಲಾಯ್ದು ಬದುಕಿದವಳು, ಪ್ರಭು ಕ್ರಿಸ್ತರ ವಂಶಾವಳಿಯಲ್ಲಿ ಸ್ಥಾನ ಪಡೆದಳು. ಆ ಹೊಲದ ಯಜಮಾನನು ಅವಳಿಂದ ಊರಿನ ಚೀಟಿಯನ್ನು ಕೇಳಲಿಲ್ಲ.

ಶತಮಾನದ ಹೊಸ್ತಿಲಲ್ಲಿ

ಪ್ರಿಯ ಧರ್ಮಕೇಂದ್ರದ ಬಂಧುಗಳೇ, ಈ ಉತ್ಸವದ ಸಂದರ್ಭದಲ್ಲಿ ನಾವು ಎರಡು ಕೆಲಸಗಳನ್ನು ನಿಮ್ಮ ಮುಂದಿಡುತ್ತೇವೆ. ಮೊದಲನೆಯದು, ಪ್ರತಿಯೊಂದು ಮನೆಯವರೂ ತಮ್ಮ ಹಿರಿಯರನ್ನು ಕೂರಿಸಿಕೊಂಡು, ಅವರ ಹಿಂದಿನವರು ಎಲ್ಲಿಂದ, ಯಾವ ಕಷ್ಟದಲ್ಲಿ ಬಂದರೆಂದು ಕೇಳಿ ಬರೆದಿಡಬೇಕು. ಕಾಗದವಿಲ್ಲದ ಚರಿತ್ರೆಯು ಹೇಳುವವರೊಡನೆ ಮಣ್ಣಾಗುತ್ತದೆ. ಎರಡನೆಯದು, ಇನ್ನು ಮುಂದೆ ನಮ್ಮ ಗುರುಮನೆಯಲ್ಲಿ ಒಂದು ದಾಖಲೆ ಪುಸ್ತಕವನ್ನು ಇಡಲಾಗುವುದು. ಬರದಿಂದಲೋ ನೆರೆಯಿಂದಲೋ ಊರು ಬಿಟ್ಟು ಈ ಸೀಮೆಗೆ ಬಂದ ಕುಟುಂಬಗಳು ಇಷ್ಟಪಟ್ಟರೆ, ಅವು ಯಾವ ಮತದವಾದರೂ ಆಗಲಿ, ತಮ್ಮ ಹೆಸರನ್ನೂ ಬಿಟ್ಟುಬಂದ ಊರನ್ನೂ ಅದರಲ್ಲಿ ಬರೆಸಬಹುದು. ಅವರ ಮಕ್ಕಳಿಗೆ ಶಾಲೆ, ಪಡಿತರ, ಕುಡಿಯುವ ನೀರು ದೊರೆಯುವಂತೆ ಓಡಾಡಲು ಯುವಕರ ಸಂಘದವರು ಒಪ್ಪಿರುವುದು ನಮಗೆ ಸಂತೋಷವನ್ನುಂಟುಮಾಡಿದೆ.

ನಮ್ಮ ಅಜ್ಜಿಯ ತಾಯಿಯವರ ಊರು ಯಾವುದೆಂದು ನಮಗೆ ಇನ್ನು ತಿಳಿಯುವಂತಿಲ್ಲ; ಅದನ್ನು ಬರೆದಿಟ್ಟವರಿಲ್ಲ. ಇಂದು ತಾಡಪಾಲಿನ ಕೆಳಗೆ ಆಡುತ್ತಿರುವ ಮಗುವಿನ ಮೊಮ್ಮಗನು ಎಂದಾದರೂ ನಲ್ಲೂರಿಗೆ ಬಂದು ಕೇಳಿದರೆ, ಅವನಿಗೆ ತೆಗೆದು ತೋರಿಸಲು ಒಂದು ಪುಟವಾದರೂ ಇರಲಿ. ಈ ದೇವಾಲಯದ ಮುಂದಿನ ನೂರು ವರುಷಗಳ ಚರಿತ್ರೆಯು ಆ ಪುಟದಿಂದ ಆರಂಭವಾಗಲೆಂದು ಹಾರೈಸಿ, ಎಲ್ಲರಿಗೂ ದೇವರ ಆಶೀರ್ವಾದವನ್ನು ಕೋರುತ್ತೇವೆ.